ಗೋಕರ್ಣದಲ್ಲಿ ಒಂದು ವಸತಿ

ಕಬ್ಬು ಕಾರ್ಖಾನೆ ಸೇರಿ, ಜೋಳದ ರಾಶಿ ಮುಗಿಯಿತೆಂದರೆ ನಮ್ಮ ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಹಿರಿಯರು ಗೋಕರ್ಣದ ಮಾತು ತೆಗೆಯುತ್ತಾರೆ. ಕಾಳಿದಾಸನು ‘ರಘುವಂಶ’ದಲ್ಲಿ ಹೆಸರಿಸಿದ ಕ್ಷೇತ್ರವದು. ಅದರ ಮಹಿಮೆಯನ್ನು ವಿವರಿಸುವುದು ಇಂದಿನ ಉದ್ದೇಶವಲ್ಲ. ಅಲ್ಲಿ ಎಲ್ಲಿ ತಂಗಬೇಕು, ಏನನ್ನು ಉಣ್ಣಬೇಕು ಎಂಬಷ್ಟನ್ನೇ ಹೇಳುವೆ. ಇದನ್ನು ವಿಚಾರಿಸದೆ ಹೋಗಿ ತೊಂದರೆಪಟ್ಟವರಲ್ಲಿ ನಾನೂ ಒಬ್ಬ.

ಕೆಲವು ವರ್ಷಗಳ ಹಿಂದೆ ಬನಹಟ್ಟಿಯ ನಮ್ಮ ಅಕ್ಕನವರನ್ನು ಕರೆದುಕೊಂಡು ಹೋಗಿದ್ದೆ. ಸಮುದ್ರ ಕಾಣುತ್ತದೆಂಬ ಆಸೆಗೆ ಬಿದ್ದು ಒಂದು ವಸತಿಗೃಹದ ಮೇಲಂತಸ್ತಿನ ಕೋಣೆ ಹಿಡಿದೆ. ಕಡಿದಾದ ಮೆಟ್ಟಿಲು, ಬೆಳಗಿನ ಜಾವ ಎದ್ದರೆ ನಳದಲ್ಲಿ ನೀರಿಲ್ಲ. ಇಷ್ಟಲಿಂಗಪೂಜೆಯಾಗದೆ ಅಕ್ಕನವರು ಗುಟುಕು ಚಹವನ್ನೂ ಮುಟ್ಟುವವರಲ್ಲ. “ತಮ್ಮಾ, ಕಣ್ಣು ಹಾಯುವ ತನಕಾ ನೀರ ಐತಿ, ನನಗ ಒಂದು ಚರಗಿ ನೀರ ಸಿಗವಲ್ದು” ಎಂದರು. ನೀರು ಬಂದು ಅವರ ಪೂಜೆ ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು, ದೇವಾಲಯದ ಬಾಗಿಲು ಮುಚ್ಚಿತ್ತು. ಎಪ್ಪತ್ತು ದಾಟಿದ ಜೀವವನ್ನು ಅಷ್ಟು ಹೊತ್ತು ಉಪವಾಸ ಕೆಡವಿದ ಅಳಲು ನನಗಿನ್ನೂ ಇದೆ.

ಆದುದರಿಂದ ವೃದ್ಧರೊಡನೆ ಹೋಗುವವರು ಮಹಾಬಲೇಶ್ವರ ದೇವಾಲಯಕ್ಕೆ ನಡೆದು ಹೋಗುವಷ್ಟು ಸಮೀಪದಲ್ಲಿ, ನೆಲಮಟ್ಟದ ಕೋಣೆಯನ್ನೇ ಹಿಡಿಯಬೇಕು. ಹಿಂದೆ ಯಾತ್ರಿಕರು ಉಪಾಧಿವಂತರ, ಅಂದರೆ ಅಲ್ಲಿನ ವಂಶಪಾರಂಪರ್ಯದ ಅರ್ಚಕರ, ಮನೆಗಳಲ್ಲಿಯೇ ಇಳಿದುಕೊಳ್ಳುತ್ತಿದ್ದರು. ಕೆಲವು ಮನೆಗಳಲ್ಲಿ ಈಗಲೂ ಕೋಣೆ ದೊರೆಯುವುದುಂಟು. ಹಣ ಕೊಡುವ ಮುನ್ನ ನಳ ತಿರುಗಿಸಿ ನೋಡಿರಿ. ಇದರಲ್ಲಿ ಸಂಕೋಚ ಬೇಡ. ಕುಡ್ಲೆ, ಓಂ ಕಡಲತೀರಗಳ ವಸತಿಗಳು ಹರೆಯದವರಿಗೆ ಸರಿ. ಶಿವರಾತ್ರಿಯ ರಥೋತ್ಸವಕ್ಕೆ ಹೋಗುವವರು ಬಹು ಮುಂಚೆಯೇ ಕೋಣೆ ಗೊತ್ತುಮಾಡಿಕೊಳ್ಳದಿದ್ದರೆ ಬಯಲೇ ಗತಿ.

ಊಟದ ಮಾತು. ಮಧ್ಯಾಹ್ನ ದೇವಾಲಯದ ಅನ್ನಪ್ರಸಾದವಿರುತ್ತದೆ. ಕಡಲೂರಾದ್ದರಿಂದ ಮೀನಿನ ಖಾನಾವಳಿಗಳೂ ಇವೆ; ಒಳಹೋಗುವ ಮುನ್ನ ಕೇಳಿಕೊಳ್ಳುವುದು ಲೇಸು. ಅಲ್ಲಿಯದು ಅನ್ನ, ತೆಂಗಿನಕಾಯಿಗಳ ಅಡಿಗೆ. ತೆಂಗಿನೆಣ್ಣೆಯ ವಾಸನೆ ನಮ್ಮವರಿಗೆ ಮೊದಲ ದಿನ ಒಗ್ಗದು. ಆದರೆ ಒಂದೆಲಗದ ತಂಬುಳಿಯನ್ನೂ ಮಾವಿನಮಿಡಿಯ ಕಾಲದ ಅಪ್ಪೆಹುಳಿಯನ್ನೂ ಉಣ್ಣದೆ ಬರಬಾರದು. ಅಪ್ಪೆಹುಳಿಯನ್ನು ಅಕ್ಕನವರು ಎರಡು ಸಲ ಕೇಳಿ ಹಾಕಿಸಿಕೊಂಡರು! ರೊಟ್ಟಿಯನ್ನು ಮಾತ್ರ ಅಲ್ಲಿ ಹುಡುಕಬೇಡಿರಿ. ಕಟಕರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗಳ ಬುತ್ತಿ ಜೊತೆಗಿದ್ದರೆ ನಾಲ್ಕು ದಿನ ಚಿಂತೆಯಿಲ್ಲ. ಕಡಲ ಗಾಳಿಗೆ ರೊಟ್ಟಿ ಬೇಗ ಮೆತ್ತಗಾಗುವುದರಿಂದ ಮುಚ್ಚಳದ ಡಬ್ಬಿಯಲ್ಲಿ ಒಯ್ಯಬೇಕು.

ಮಳೆಗಾಲದಲ್ಲಿ ಈ ಯಾತ್ರೆ ಬೇಡವೆಂದೇ ನನ್ನ ಅಭಿಪ್ರಾಯ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯ ಬದಿಯಲ್ಲಿ ಚಹದಂಗಡಿ ಇಟ್ಟುಕೊಂಡಿದ್ದ ಸಂಸಾರವೇ ಮಣ್ಣುಪಾಲಾಯಿತು. ಹುಬ್ಬಳ್ಳಿ, ಅಂಕೋಲಾ ಮಾರ್ಗವಾಗಿ ಗೋಕರ್ಣಕ್ಕೆ ಹೋಗುವ ನಮ್ಮವರಿಗೆ ಅದೇ ದಾರಿ. ಅನಿವಾರ್ಯವಾಗಿ ಹೊರಟರೆ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚಬೇಡಿರಿ. ಯಲ್ಲಾಪುರದಲ್ಲಿಯೇ ಉಂಡು, ಹಗಲಿದ್ದಾಗಲೇ ಘಟ್ಟ ಇಳಿಯಿರಿ.