ಹಸಿ ಹಚ್ಚೆಗೆ ಅರಿಶಿನ ಬೇಡ

"ಅಕ್ಕಾ, ಮನೇಲಿ ಮೂರು ಹೆಂಗಸರು, ಮೂರು ದಿಕ್ಕು" ಎಂದು ಶುರುವಾಗುತ್ತದೆ ಹೊಳಲ್ಕೆರೆ ತಾಲ್ಲೂಕು ಬಿ. ದುರ್ಗದ ಕಡೆಯ ಸೋದರಿಯೊಬ್ಬರ ಕಾಗದ. ಯಜಮಾನರು ತೀರಿಕೊಂಡು ವರ್ಷ ತುಂಬಿದೆ. ಗೆಳತಿಯರ ಜೊತೆ ಜಾತ್ರೆಗೆ ಹೋದ ಹತ್ತೊಂಬತ್ತರ ಮಗಳು ಎಡ ಮುಂಗೈ ಮೇಲೆ ಅಪ್ಪನ ಹೆಸರಿನ ಹಚ್ಚೆ ಹಾಕಿಸಿಕೊಂಡು ಬಂದಿದ್ದಾಳೆ. "ನಾಳೆ ಗಂಡಿನ ಕಡೆಯೋರು ಏನಂತಾರೆ?" ಎಂದು ತಾಯಿ ಬೈದಿದ್ದಾರೆ. ಅಜ್ಜಿ ಮಾತ್ರ ಮೊಮ್ಮಗಳ ಪರ. ದಿನಕ್ಕೆರಡು ಸಲ ಹರಳೆಣ್ಣೆಯಲ್ಲಿ ಅರಿಶಿನ ಕಲಸಿ ಬಳಿಯುತ್ತಿದ್ದಾರೆ. ಆರನೆಯ ದಿನಕ್ಕೆ ಹಕ್ಕಳೆ ಕಟ್ಟಿ, ನವೆ ಎದ್ದು, ಅಂಚೆಲ್ಲ ಕೆಂಪಾಗಿದೆ. "ತೋರಿಸು ಅಂದ್ರೆ ಸೆರಗು ಮುಚ್ಕೊಂಡು ಒಳಗೆ ಹೋಗ್ತಾಳೆ. ಏನು ಹಚ್ಚಲಿ ಅಕ್ಕಾ?"

ಸೋದರಿ, ಬೈದದ್ದು ಆಯಿತು. ಹಚ್ಚೆ ಬಯ್ಗುಳಕ್ಕೆ ಅಳಿಸುವುದಿಲ್ಲ. ಈಗ ಅದನ್ನು ಒಂದು ಗಾಯ ಎಂದು ನೋಡಿ. ಸೂಜಿ ಸಾವಿರಾರು ಸಲ ಚುಚ್ಚಿದ ಜಾಗ ಅದು. ಬಣ್ಣ ಚರ್ಮದ ಮೇಲ್ಪದರದಲ್ಲಿ ನಿಲ್ಲುವುದಿಲ್ಲ, ಅದರ ಕೆಳಗಿನ ಪದರದಲ್ಲಿ ಕೂರುತ್ತದೆ. ಮೇಲಿನ ಪದರ ಉದುರಿ ಹೊಸದು ಬರಲು ಎರಡು ಮೂರು ವಾರ ಬೇಕು. ಒಳಗಿನದು ಪೂರ್ತಿ ಮಾಯಲು ಕೆಲವು ತಿಂಗಳೇ ಹಿಡಿಯುತ್ತದೆ. ಹಕ್ಕಳೆ, ನವೆ, ಹೊಟ್ಟು ಏಳುವುದು ಇವೆಲ್ಲ ಮಾಯುವ ಲಕ್ಷಣಗಳೇ.

ನಿಮ್ಮ ಅತ್ತೆಯವರದು ತಪ್ಪು ತಿಳಿವಳಿಕೆ ಅಂತ ಹೇಳಲಾರೆ. ಹಿಂದಿನ ಕಾಲದಲ್ಲಿ ಊರೂರು ತಿರುಗಿ ಹಚ್ಚೆ ಹೊಯ್ಯುತ್ತಿದ್ದವರು ಕಾಡಿಗೆ, ಸೊಪ್ಪಿನ ರಸ ಸೇರಿಸಿ ಚುಚ್ಚಿ, ಮೇಲೆ ಅರಿಶಿನ, ಹರಳೆಣ್ಣೆ ಸವರಿ ಹೋಗುತ್ತಿದ್ದರು. ಗಾಯ ಒಣಗಿ ಬಿರಿಯಬಾರದು ಎಂಬುದು ಅದರ ಉದ್ದೇಶ. ಆ ಉದ್ದೇಶ ಇವತ್ತಿಗೂ ಸರಿ. ಆದರೆ ಡಬ್ಬಿಯ ಅರಿಶಿನ ಸಾರಿಗೆ ಹಾಕುವ ಪುಡಿ, ಗಾಯಕ್ಕೆ ಹಾಕಲು ಶುದ್ಧ ಮಾಡಿದ್ದಲ್ಲ. ಅದರಲ್ಲಿ ಕಲಬೆರಕೆ ಬಣ್ಣವೂ ಇರಬಹುದು. ಕೆಲವರ ಚರ್ಮಕ್ಕೆ ಅದು ಉರಿ ತರುತ್ತದೆ, ಹಕ್ಕಳೆಗೆ ಅಂಟಿ ಕೂರುತ್ತದೆ, ಅಡಿಯಲ್ಲಿ ಕೆಂಪು ಏರುತ್ತಿದ್ದರೂ ಕಾಣಗೊಡುವುದಿಲ್ಲ. ಹರಳೆಣ್ಣೆ ಮಂದ. ಬೇಸಿಗೆಯ ಧೂಳೆಲ್ಲ ಅದಕ್ಕೇ ಅಂಟುತ್ತದೆ. ಅವರಿಗೆ ಇಷ್ಟು ಹೇಳಿ: "ಅತ್ತೆ, ನೀವು ಮಾಡಿದ್ದನ್ನೇ ಮಾಡೋಣ, ಸಾಮಾನು ಮಾತ್ರ ಬೇರೆ."

ದಿನಕ್ಕೆರಡು ಸಲ ಹೀಗೆ ಮಾಡಿ

ಮೊದಲು ಕೈಗಳನ್ನು ಸೋಪಿನಿಂದ ಚೆನ್ನಾಗಿ ತೊಳೆಯಿರಿ. ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ನೀರು, ವಾಸನೆಯಿಲ್ಲದ ಸೌಮ್ಯ ಸೋಪು ತಗೊಳ್ಳಿ. ಬೆರಳ ತುದಿಯಿಂದ ಮೆಲ್ಲಗೆ ತೊಳೆಯಬೇಕು. ನಾರು, ಬ್ರಷ್ಷು ಸೋಕಿಸಬಾರದು. ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಹತ್ತಿ ಬಟ್ಟೆ ಒತ್ತಿ ತೇವ ತೆಗೆಯಿರಿ, ಉಜ್ಜಬೇಡಿ. ಐದು ನಿಮಿಷ ಗಾಳಿಗೆ ಬಿಡಿ.

ಆಮೇಲೆ ಸುವಾಸನೆ ಹಾಕದ ವ್ಯಾಸಲೀನ್ ತೆಳ್ಳಗೆ ಸವರಿ. ಅಂಗೈಯಗಲದ ಹಚ್ಚೆಗೆ ಕಡಲೆಕಾಳಿನಷ್ಟು ಸಾಕು. ಚರ್ಮ ಮಿನುಗಬೇಕು, ಜಿಡ್ಡು ಇಳಿಯಬಾರದು. ಹೆಚ್ಚಾದರೆ ಹಕ್ಕಳೆ ನೆನೆದು ಮೆತ್ತಗಾಗಿ ಬಣ್ಣದೊಂದಿಗೆ ಕಿತ್ತು ಬರುತ್ತದೆ. ಏನೂ ಹಚ್ಚದಿದ್ದರೆ ಒಣಗಿ ಬಿರಿಯುತ್ತದೆ. ಡಬ್ಬಿ ಹೊಸದಿರಲಿ, ಮನೆಯವರೆಲ್ಲ ಬೆರಳು ಅದ್ದಿದ್ದು ಬೇಡ. ಹೊಟ್ಟು ಉದುರಿದ ಮೇಲೆ ಹೊಸ ಸೀಸೆಯ ಕೊಬ್ಬರಿ ಎಣ್ಣೆಯನ್ನು ಎರಡು ಹನಿಯಷ್ಟು ಹಚ್ಚಬಹುದು. ಸುಣ್ಣ, ವಿಭೂತಿ, ಟೂತ್‌ಪೇಸ್ಟ್, ಪೌಡರು ಯಾವುದೂ ಬೇಡ. ಔಷಧಿ ಅಂಗಡಿಯವರು ಕೊಡುವ ಟ್ಯೂಬನ್ನೂ ವೈದ್ಯರ ಮಾತಿಲ್ಲದೆ ಹಚ್ಚಬೇಡಿ.

ಆಗಬಾರದ್ದು

ನವೆಯಾದರೆ ಕೆರೆಯಬಾರದು, ತಣ್ಣನೆ ಒದ್ದೆ ಬಟ್ಟೆ ಒತ್ತಿದರೆ ಸಾಕು. ನಮ್ಮ ಅವ್ವನ ಮುಂಗೈಯಲ್ಲೊಂದು ಚೇಳಿನ ಹಚ್ಚೆ ಇತ್ತು, ಆದರೆ ಅದಕ್ಕೆ ಬಾಲವೇ ಇರಲಿಲ್ಲ. ಹುಡುಗಿಯಾಗಿದ್ದಾಗ ಹಕ್ಕಳೆ ಕಿತ್ತಳಂತೆ, ಬಾಲವೂ ಅದರ ಜೊತೆ ಹೋಯಿತಂತೆ! ನಿಮ್ಮ ಮಗಳ ಕೈಮೇಲಿರುವುದು ಅಪ್ಪನ ಹೆಸರು. ಅದರಲ್ಲಿ ಒಂದಕ್ಷರ ಹೋದರೂ ಅವಳಿಗೆ ಸಂಕಟವಲ್ಲವೇ?

ಎರಡು ಮೂರು ವಾರ ಕೆರೆ, ಬಾವಿ, ಹೊಳೆಯ ಸ್ನಾನ ಬೇಡ. ಕೊಟ್ಟಿಗೆ ಕೆಲಸ, ಸಗಣಿ ಬಾಚುವುದನ್ನು ಅವಳಿಂದ ಮಾಡಿಸಬೇಡಿ. ಅಡಿಗೆಮನೆಯಲ್ಲಿ ಗಂಜಿ ಬಸಿಯುವ ಹಬೆ ಆ ಕೈಗೆ ತಾಗದಿರಲಿ. ಬಳೆ ಸ್ವಲ್ಪ ದಿನ ಬಲಗೈಗಿರಲಿ. ಹೊರಗೆ ಹೋದಾಗ ಸಡಿಲವಾದ ಹತ್ತಿ ತೋಳಿನ ಬಟ್ಟೆ ಹಾಕಿಕೊಳ್ಳಲಿ, ದುರ್ಗದ ಸೀಮೆಯ ಬಿಸಿಲು ಹಸಿ ಚರ್ಮಕ್ಕೂ ಬಣ್ಣಕ್ಕೂ ಆಗದು. "ಬದನೆಕಾಯಿ ತಿಂದ್ರೆ ನಂಜಾಗುತ್ತೆ" ಎಂದು ಬರೀ ಗಂಜಿ ಕೊಡಬೇಡಿ. ಗಾಯ ಮಾಯಲು ಒಳಗಿನಿಂದಲೂ ಬಲ ಬೇಕು. ಮುದ್ದೆ, ಹುರುಳಿಕಾಳಿನ ಸಾರು, ಸೊಪ್ಪು, ಸೀಬೆಹಣ್ಣು, ನೆಲ್ಲಿಕಾಯಿ ಧಾರಾಳವಾಗಿ ಕೊಡಿ.

ಆಸ್ಪತ್ರೆಗೆ ಯಾವಾಗ?

ಮೊದಲ ಮೂರು ನಾಲ್ಕು ದಿನ ಸ್ವಲ್ಪ ಕೆಂಪು, ಬಾವು ಇರುವುದು ಸಹಜ. ಅದು ದಿನದಿನಕ್ಕೆ ಇಳಿಯಬೇಕು. ನಿಮ್ಮ ಮಗಳದು ಆರನೆಯ ದಿನಕ್ಕೂ ಕೆಂಪಾಗಿದೆ ಅಂತೀರಿ. ಅರಿಶಿನದ ಉರಿಯೋ, ನಂಜೋ, ಕಾಗದ ನೋಡಿ ನಾನು ಹೇಳಲಾರೆ. ಈ ಸಂಚಿಕೆ ಕೈಸೇರುವಾಗಲೂ ಕೆಂಪು ಹಾಗೇ ಇದ್ದರೆ ಅವತ್ತೇ ವೈದ್ಯರಿಗೆ ತೋರಿಸಿ. ಕೆಂಪು ಹರಡಿದರೆ, ಮುಟ್ಟಿದರೆ ಬಿಸಿಯಾಗಿದ್ದರೆ, ಕೀವು ಬಂದರೆ, ಕೆಂಪು ಗೆರೆ ತೋಳಿನತ್ತ ಏರಿದರೆ, ಜ್ವರ ಬಂದರೆ ಒಂದು ರಾತ್ರಿಯೂ ಕಾಯಬೇಡಿ. ಸಕ್ಕರೆ ಕಾಯಿಲೆ ಇದ್ದವರಂತೂ ತೀರಾ ಎಚ್ಚರವಾಗಿರಬೇಕು. ಧನುರ್ವಾಯು ಚುಚ್ಚುಮದ್ದು ಹಾಕಿಸಿ ಎಷ್ಟು ವರ್ಷವಾಯಿತು ಎಂದು ನೆನಪು ಮಾಡಿಕೊಂಡು ಹೇಳಿ.

ಇನ್ನೊಂದು ಮಾತು, ಇದನ್ನು ಮಗಳ ಹತ್ತಿರ ಮೆತ್ತಗೆ ಕೇಳಬೇಕು: "ಸೂಜಿ ಹೊಸದಾ? ನಿನ್ನೆದುರಿಗೇ ಪೊಟ್ಟಣ ಬಿಚ್ಚಿದ್ರಾ?" ಒಬ್ಬರಿಗೆ ಚುಚ್ಚಿದ ಸೂಜಿ, ಒಂದೇ ಬಟ್ಟಲಿನ ಶಾಯಿ ಇನ್ನೊಬ್ಬರಿಗೂ ಬಳಸಿದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಅಂಟುವ ಭಯವಿದೆ. ಅನುಮಾನವಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟಾಗಿಯೂ ಇಡುತ್ತಾರೆ. ಈಗೊಮ್ಮೆ, ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಿಸಿ. ಹೆಪಟೈಟಿಸ್ ಪರೀಕ್ಷೆ, ಲಸಿಕೆಯ ವಿಚಾರವನ್ನೂ ಅಲ್ಲೇ ಕೇಳಿ. ಬೇರೆ ಓದುಗರಿಗೂ ಹೇಳುತ್ತೇನೆ: ಇಂಥ ಅನುಮಾನ ಬಂದರೆ ೭೨ ಗಂಟೆಯೊಳಗೆ ಹೋಗಿ. ಎಚ್‌ಐವಿ ತಡೆಯುವ ಮಾತ್ರೆ ಅಷ್ಟರೊಳಗೆ ಶುರುವಾದರೆ ಮಾತ್ರ ಪ್ರಯೋಜನ. ಹಚ್ಚೆ ಹಾಕಿಸಿಕೊಂಡವರು ಒಂದು ವರ್ಷ ರಕ್ತದಾನವನ್ನೂ ಮಾಡುವಂತಿಲ್ಲ.

ಕೊನೆಗೆ, ನೀವು ಕೇಳದೆ ಬಿಟ್ಟ ಪ್ರಶ್ನೆಗೆ ಉತ್ತರ. ಸತ್ತಾಗ ಒಡವೆ ವಸ್ತ್ರ ಯಾವುದೂ ಬರೋದಿಲ್ಲ, ಹಚ್ಚೆಯೊಂದೇ ಜೊತೆಗೆ ಬರೋದು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಅಪ್ಪನನ್ನು ಕಳೆದುಕೊಂಡ ಹುಡುಗಿ ಆ ಮಾತನ್ನು ತನ್ನ ಅಜ್ಜಿಯ ಬಾಯಲ್ಲಿ ಕೇಳಿರಲಾರಳೇ? ನಿಮ್ಮದು ಕೋಪ ಅಂತ ನನಗನ್ನಿಸುವುದಿಲ್ಲ. ಆ ಹೆಸರನ್ನು ದಿನಾ ನೋಡಬೇಕಲ್ಲ ಎಂಬ ಸಂಕಟ ಅದು. ಇವತ್ತು ಸಂಜೆ ಬೆಚ್ಚಗಿನ ನೀರು, ಹತ್ತಿ ಬಟ್ಟೆ ಹಿಡಿದು ಅವಳ ಪಕ್ಕ ಕೂತುಕೊಳ್ಳಿ. "ಕೊಡವ್ವ ಕೈ, ನಾನೇ ತೊಳೀತೀನಿ" ಅನ್ನಿ. ಸೆರಗು ತಾನೇ ಸರಿದೀತು. ಗಾಯ ಹೇಗಿದೆ ಎಂದು ಮುಂದಿನ ಸಂಚಿಕೆಯೊಳಗೆ ಎರಡು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.