ಬರೆದಿಡದ ದತ್ತ

ರೇಖಾಗಣಿತದ ಪ್ರಮೇಯವೊಂದನ್ನು ಸಾಧಿಸಹೊರಟ ವಿದ್ಯಾರ್ಥಿಯು ಮೊದಲು ‘ದತ್ತ’ವನ್ನು ಬರೆದು, ಅನಂತರವೇ ‘ಸಾಧನೀಯ’ಕ್ಕೆ ಕೈಹಾಕುತ್ತಾನೆ. ದತ್ತವನ್ನು ಮರೆತರೆ ಉಪಾಧ್ಯಾಯರು ಅಂಕ ಕಳೆಯುತ್ತಾರೆ. ಗಣಕಯಂತ್ರಗಳಿಗೆ ಕ್ರಮವಿಧಿಯನ್ನು ರಚಿಸುವವರಲ್ಲಿ ಈ ಶಿಸ್ತು ಅಷ್ಟಾಗಿ ಕಾಣದು. ‘ಈ ಸಂಖ್ಯೆ ಇದಕ್ಕಿಂತ ದೊಡ್ಡದಾಗಲಾರದು’ ಎಂಬಂಥ ಊಹೆಗಳು ರಚಿಸಿದವನ ಮನಸ್ಸಿನಲ್ಲಿಯೇ ಉಳಿದುಬಿಡುತ್ತವೆ.

೧೯೯೬ನೆಯ ಇಸವಿ ಜೂನ್ ೪ರಂದು, ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿರುವ ಕೂರೂ ನೆಲೆಯಿಂದ ಯೂರೋಪಿನ ಏರಿಯಾನ್-೫ ರಾಕೆಟ್ಟು ಪ್ರಥಮ ಬಾರಿಗೆ ಮೇಲೇರಿತು. ಸುಮಾರು ೪೦ ಸೆಕೆಂಡುಗಳಲ್ಲಿ ಅದು ದಾರಿ ತಪ್ಪಿ ಸಿಡಿಯಿತು; ಅದರೊಳಗಿದ್ದ ೪ ಕ್ಲಸ್ಟರ್ ಉಪಗ್ರಹಗಳೂ ನಾಶವಾದವು. ಗಣಿತಜ್ಞ ಝಾಕ್-ಲೂಯಿ ಲಿಯೋನ್ಸ್ ಅವರ ಅಧ್ಯಕ್ಷತೆಯ ಸಮಿತಿಯು ಕಾರಣವನ್ನು ಶೋಧಿಸಿತು. ರಾಕೆಟ್ಟಿನ ನಿಲುವು ಮತ್ತು ಚಲನೆಯನ್ನು ಅಳೆಯುವ ಗಣಕದ ಕ್ರಮವಿಧಿ ಹಿಂದಿನ ಏರಿಯಾನ್-೪ರಿಂದ ಬಂದದ್ದು. ಅದರಲ್ಲಿ ಅಡ್ಡವೇಗಕ್ಕೆ ಸಂಬಂಧಿಸಿದ ಸಂಖ್ಯೆಯೊಂದನ್ನು ೧೬ ಬಿಟ್‌ಗಳ ಸ್ಥಳಕ್ಕೆ ಇಳಿಸಲಾಗುತ್ತಿತ್ತು. ಆ ಸ್ಥಳದಲ್ಲಿ ೩೨,೭೬೭ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು. ಹಳೆಯ ರಾಕೆಟ್ಟಿನಲ್ಲಿ ಆ ಮಿತಿ ಎಂದೂ ಮೀರುವಂತಿರಲಿಲ್ಲ. ಹೊಸದರಲ್ಲಾದರೋ ಅಡ್ಡವೇಗವು ಐದು ಪಟ್ಟು ಶೀಘ್ರವಾಗಿ ಏರಿತು. ಸಂಖ್ಯೆ ಹಿಡಿಸಲಿಲ್ಲ, ಗಣಕ ನಿಂತಿತು.

ಆಪತ್ತಿಗೆಂದು ಇರಿಸಿದ್ದ ಎರಡನೆಯ ಗಣಕವೂ ಅದೇ ಕಾರಣದಿಂದ ಕ್ಷಣಮಾತ್ರ ಮೊದಲೇ ನಿಂತಿತ್ತು. ಕೆಡುವುದು ಯಂತ್ರದ ಭಾಗ ಮಾತ್ರ ಎಂಬುದು ಇಲ್ಲಿ ಅಡಗಿದ್ದ ಇನ್ನೊಂದು ಊಹೆ. ತಪ್ಪು ಲೆಕ್ಕವನ್ನು ಎರಡು ಪುಸ್ತಕಗಳಲ್ಲಿ ಬರೆದಿಟ್ಟರೆ ಒಂದನ್ನು ನೋಡಿ ಇನ್ನೊಂದನ್ನು ತಿದ್ದಲು ಬರುವುದೆ?

ಇದನ್ನು ಬರಿಯ ಅಜಾಗರೂಕತೆಯೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ. ಇಂತಹ ಅಪಾಯವಿದ್ದ ೭ ಸಂಖ್ಯೆಗಳನ್ನು ಮೊದಲೇ ಗುರುತಿಸಿದ್ದರು. ಗಣಕದ ಹೊರೆಯನ್ನು ಶೇಕಡ ೮೦ರ ಮಿತಿಯಲ್ಲಿರಿಸಲು ೪ಕ್ಕೆ ಮಾತ್ರ ರಕ್ಷಣೆ ಕೊಟ್ಟು, ೩ನ್ನು ತಿಳಿದೇ ಬಿಟ್ಟರು. ಏರಿಯಾನ್-೪ರ ಮಟ್ಟಿಗೆ ಆ ನಿರ್ಧಾರ ಸರಿಯಾದದ್ದೇ. ಆದರೆ ಹಾಗೆ ಬಿಟ್ಟ ಕಾರಣ ಕ್ರಮವಿಧಿಯ ಪಾಠದಲ್ಲಿ ಕಾಣುವಂತಿರಲಿಲ್ಲ. ಹೊಸ ರಾಕೆಟ್ಟಿನ ಪಥವನ್ನು ಕೊಟ್ಟು ಆ ಭಾಗವನ್ನು ಪರೀಕ್ಷಿಸಲೂ ಇಲ್ಲ. ಇಷ್ಟಕ್ಕೂ, ಏರಿಯಾನ್-೫ ನೆಲ ಬಿಟ್ಟ ಮೇಲೆ ಆ ಲೆಕ್ಕದಿಂದ ಯಾವ ಪ್ರಯೋಜನವೂ ಇರಲಿಲ್ಲ!

ಊಹೆಯಿಲ್ಲದೆ ಕ್ರಮವಿಧಿಯನ್ನು ರಚಿಸಲಾಗದು, ನಿಜ. ಊಹಿಸಿದ್ದೇನು, ಯಾವ ಆಧಾರದಿಂದ ಎಂಬುದನ್ನು ಆ ಸಾಲಿನ ಪಕ್ಕದಲ್ಲಿಯೇ ಬರೆಯಬಹುದಷ್ಟೆ. ಸಾಧ್ಯವಿದ್ದೆಡೆ ಗಣಕದಿಂದಲೇ ಅದನ್ನು ಪರೀಕ್ಷೆ ಮಾಡಿಸಬಹುದು. ಕೆಲಸ ನಿಧಾನವಾಗುವುದೆಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೂ, ಉತ್ತರ ಸರಿಬಂದೊಡನೆ ಪೂರ್ಣ ಅಂಕ ನೀಡುವ ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳು, ದತ್ತವನ್ನು ಬರೆಯದ ಕ್ರಮವಿಧಿಗೆ ಎರಡು ಅಂಕಗಳನ್ನಾದರೂ ಕಳೆಯುವುದನ್ನು ಈ ವರ್ಷದಿಂದಲೇ ಆರಂಭಿಸಲಿ.