ಹದಿಮೂರು ಪಂದ್ಯಗಳ ಐಎಸ್‌ಎಲ್: ಈ ಲೀಗ್ ಯಾರದ್ದು?

2025ರ ಡಿಸೆಂಬರ್ 7ರಂದು ಮಡಗಾಂವ್‌ನ ಫತೋರ್ಡಾ ಕ್ರೀಡಾಂಗಣದಲ್ಲಿ ಸೂಪರ್ ಕಪ್ ಫೈನಲ್ ನಡೆಯಿತು. ಪೆನಾಲ್ಟಿ ಶೂಟೌಟ್‌ನಲ್ಲಿ ಈಸ್ಟ್ ಬೆಂಗಾಲ್ ತಂಡವನ್ನು ಮಣಿಸಿ ಎಫ್‌ಸಿ ಗೋವಾ ಕಪ್ ಎತ್ತಿತು. ಮರುದಿನ, ಡಿಸೆಂಬರ್ 8ರಂದು, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಯಾವ ಒಪ್ಪಂದದ ಮೇಲೆ ನಿಂತಿತ್ತೋ ಅದರ ಅವಧಿಯೇ ಮುಗಿಯಿತು. ಮುಂದಿನ ಲೀಗ್ ಪಂದ್ಯ ಯಾವಾಗ ಎಂದು ಗೆದ್ದವರಿಗೂ ಗೊತ್ತಿರಲಿಲ್ಲ, ಸೋತವರಿಗೂ ಗೊತ್ತಿರಲಿಲ್ಲ. ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಶುರುವಾಗುವ ಲೀಗ್ 2026ರ ಫೆಬ್ರುವರಿ 14ಕ್ಕೆ ಶುರುವಾಯಿತು. ಅದೂ ತಂಡಕ್ಕೆ ತಲಾ ಹದಿಮೂರು ಪಂದ್ಯಗಳಿಗೆ ಕುಗ್ಗಿ.

ಈ ಬಿಕ್ಕಟ್ಟಿಗೆ ಸುಪ್ರೀಂ ಕೋರ್ಟ್ ಕಾರಣ ಎನ್ನುವವರಿದ್ದಾರೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ (ಎಐಎಫ್‌ಎಫ್) ಸಂವಿಧಾನ ಕುರಿತ ಪ್ರಕರಣ ಇತ್ಯರ್ಥವಾಗುವ ತನಕ ಹೊಸ ಒಪ್ಪಂದಕ್ಕೆ ಸಹಿ ಹಾಕುವಂತಿರಲಿಲ್ಲ ಎಂಬುದು ನಿಜ. ಆದರೆ ಒಪ್ಪಂದ ಯಾವ ದಿನ ಮುಗಿಯುತ್ತದೆ ಎಂಬುದು 2010ರಲ್ಲಿ ಸಹಿ ಬಿದ್ದಾಗಲೇ ಗೊತ್ತಿತ್ತು. ಹದಿನೈದು ವರ್ಷ ಮುಂಚೆ ತಿಳಿದಿದ್ದ ದಿನಾಂಕಕ್ಕೆ ಸಿದ್ಧತೆ ಮಾಡಿಕೊಳ್ಳದೆ ಕುಳಿತವರು ಕೋರ್ಟಿನ ಕಡೆಗೆ ಬೆರಳು ತೋರಿಸುವುದು ಸರಿಯಲ್ಲ.

ಆ ಒಪ್ಪಂದದ ಸ್ವರೂಪವನ್ನೇ ನೋಡಿ. ರಿಲಯನ್ಸ್ ಬಳಗದ ಎಫ್‌ಎಸ್‌ಡಿಎಲ್ ಕಂಪನಿ ಫೆಡರೇಷನ್‌ಗೆ ವರ್ಷಕ್ಕೆ ₹50 ಕೋಟಿ ಕೊಡುತ್ತಿತ್ತು. ಪ್ರತಿಯಾಗಿ ಭಾರತದ ಫುಟ್‌ಬಾಲ್‌ನ ವಾಣಿಜ್ಯ ಹಕ್ಕುಗಳೆಲ್ಲ ಅದರ ಕೈಯಲ್ಲಿದ್ದವು. 2014ರಲ್ಲಿ ಎಂಟು ತಂಡಗಳೊಂದಿಗೆ ಲೀಗ್ ಕಟ್ಟಿದ್ದೂ, ಅದನ್ನು ನಡೆಸುತ್ತಾ ಬಂದದ್ದೂ ಆ ಕಂಪನಿಯೇ. ಕ್ಲಬ್‌ಗಳು ಫ್ರಾಂಚೈಸಿ ಶುಲ್ಕ ಕಟ್ಟಿ ಆಡುತ್ತಿದ್ದವು, ನಷ್ಟವನ್ನೂ ಹೊರುತ್ತಿದ್ದವು. ಲೀಗ್ ಮಾತ್ರ ಅವುಗಳದ್ದಾಗಿರಲಿಲ್ಲ. ಫೆಡರೇಷನ್ ತನ್ನ ಖರ್ಚಿಗೆ ಆ ಹಣವನ್ನೇ ನೆಚ್ಚಿಕೊಂಡಿತ್ತು. ಹೀಗಾಗಿ 2025ರ ಜುಲೈನಲ್ಲಿ ಎಫ್‌ಎಸ್‌ಡಿಎಲ್ ‘ಒಪ್ಪಂದದ ಸ್ಪಷ್ಟತೆ ಇಲ್ಲದೆ ಈ ಋತು ನಡೆಸಲಾಗದು’ ಎಂದಾಗ ಲೀಗನ್ನು ಕೈಗೆತ್ತಿಕೊಂಡು ನಡೆಸಬಲ್ಲ ಬೇರೊಂದು ಸಂಸ್ಥೆ ದೇಶದಲ್ಲಿ ಇರಲೇ ಇಲ್ಲ.

ಸೆಪ್ಟೆಂಬರ್ 19ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಫೆಡರೇಷನ್ ಲೀಗಿನ ವಾಣಿಜ್ಯ ಹಕ್ಕುಗಳಿಗೆ ಟೆಂಡರ್ ಕರೆಯಿತು. ವರ್ಷಕ್ಕೆ ಕನಿಷ್ಠ ₹37.5 ಕೋಟಿ ಅಥವಾ ಒಟ್ಟು ಆದಾಯದ ಶೇ 5ರಷ್ಟು, ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಹದಿನೈದು ವರ್ಷ ಕೊಡಬೇಕೆಂಬುದು ಷರತ್ತು. ನವೆಂಬರ್ 7ರ ಗಡುವು ಮುಗಿದಾಗ ಒಂದೇ ಒಂದು ಬಿಡ್ ಕೂಡ ಬಂದಿರಲಿಲ್ಲ. ಹಳೆಯ ಒಪ್ಪಂದದ ಅಚ್ಚಿನಲ್ಲೇ ಹೊಸದನ್ನೂ ಎರಕ ಹೊಯ್ಯಲು ಹೊರಟಿದ್ದ ಫೆಡರೇಷನ್‌ಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿರಲಿಲ್ಲ.

ಇದರ ಬೆಲೆ ತೆತ್ತವರು ಯಾರು? 2025ರ ಏಪ್ರಿಲ್ 12ರ ಐಎಸ್‌ಎಲ್ ಫೈನಲ್‌ನಲ್ಲಿ, ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ, ಮೋಹನ್ ಬಾಗನ್ ವಿರುದ್ಧ ಹೆಚ್ಚುವರಿ ಅವಧಿಯವರೆಗೆ ಹೋರಾಡಿ 1–2ರಿಂದ ಸೋತ ಬೆಂಗಳೂರು ಎಫ್‌ಸಿ, ನಾಲ್ಕು ತಿಂಗಳೊಳಗೆ ತನ್ನ ಸೀನಿಯರ್ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟಾವಧಿಗೆ ತಡೆಹಿಡಿಯಿತು. ಅದೇ ತಂಡದಲ್ಲಿ, ನಲವತ್ತರ ವಯಸ್ಸಿನಲ್ಲಿ, ಸುನಿಲ್ ಚೆಟ್ರಿ ಆ ಋತುವಿನಲ್ಲಿ 14 ಗೋಲು ಹೊಡೆದಿದ್ದರು. ಚೆಟ್ರಿಯಂಥವರು ಹೇಗೋ ನಿಭಾಯಿಸಿಯಾರು. ಫಿಸಿಯೊ, ಕಿಟ್ ನೋಡಿಕೊಳ್ಳುವವರು, ಅಂಗಳಕ್ಕೆ ನೀರು ಬಿಟ್ಟು ಗೆರೆ ಎಳೆಯುವವರು, ಒಂದು ವರ್ಷದ ಕರಾರಿನ ಮೇಲೆ ಬಂದ ಇಪ್ಪತ್ತರ ಹುಡುಗ, ಇವರಿಗೆ ತಿಂಗಳ ಸಂಬಳ ನಿಂತರೆ ಬಾಡಿಗೆ ಮನೆಯ ಲೆಕ್ಕವೇ ತಪ್ಪುತ್ತದೆ. 2026ರ ಜನವರಿಯಲ್ಲಿ ಚೆಟ್ರಿ, ಗುರುಪ್ರೀತ್ ಸಿಂಗ್ ಸಂಧು, ಸಂದೇಶ್ ಜಿಂಗಾನ್ ಮುಂತಾದವರು ವಿಡಿಯೊ ಮೂಲಕ ಫಿಫಾಕ್ಕೆ ಮೊರೆಯಿಟ್ಟರು. ದೇಶದ ಪರ ಆಡಿದವರು ‘ನಮಗೆ ಆಡಲು ಬಿಡಿ’ ಎಂದು ಹೊರಗಿನವರ ಮುಂದೆ ಅಂಗಲಾಚಬೇಕಾಯಿತು. ಆ ದೃಶ್ಯ ನನ್ನನ್ನು ಇವತ್ತಿಗೂ ಕೆರಳಿಸುತ್ತದೆ.

ಜನವರಿ 6ರಂದು ಕೇಂದ್ರ ಕ್ರೀಡಾ ಸಚಿವ ಮನ್‌ಸುಖ್ ಮಾಂಡವೀಯ ಲೀಗ್ ನಡೆಯುತ್ತದೆಂದು ಘೋಷಿಸಿದರು. 14 ಕ್ಲಬ್, 91 ಪಂದ್ಯ. ಲೀಗ್ ಉಳಿಯಿತಲ್ಲ ಎಂದು ನಿಟ್ಟುಸಿರು ಬಿಟ್ಟವರಲ್ಲಿ ನಾನೂ ಒಬ್ಬ. ಆದರೆ ಹದಿಮೂರು ಪಂದ್ಯ ಎಂದರೆ ಏನು ಎಂಬುದನ್ನು ಬಿಡಿಸಿ ನೋಡಬೇಕು. ಪ್ರತಿ ಎದುರಾಳಿಯೊಂದಿಗೆ ಒಂದೇ ಪಂದ್ಯ. ತವರಿನಲ್ಲಿ ಸಿಗುವುದು ಆರೋ ಏಳೋ. ಹಿಂದಿನ ಋತುವಿನಲ್ಲಿ ಲೀಗ್ ಹಂತದಲ್ಲೇ ತಲಾ 24 ಪಂದ್ಯಗಳಿದ್ದವು. ಅಷ್ಟು ಪಂದ್ಯಗಳಿದ್ದಾಗ ಕೋಚ್ ಒಬ್ಬ ಹೊಸ ಹುಡುಗನನ್ನು ನಾಲ್ಕೈದು ಬಾರಿ ಕಣಕ್ಕಿಳಿಸಿ, ಅವನು ತಪ್ಪು ಮಾಡಿದರೂ ಮತ್ತೆ ಅವಕಾಶ ಕೊಡಬಲ್ಲ. ಹದಿಮೂರರಲ್ಲಿ ಎರಡು ಸೋತರೆ ಪಟ್ಟಿಯಲ್ಲಿ ಮೇಲೇಳುವುದೇ ಕಷ್ಟ. ಆಗ ಅನುಭವಿಗಳೇ ಆಡುತ್ತಾರೆ, ಹುಡುಗ ಬೆಂಚಿನಲ್ಲಿ ಕೂರುತ್ತಾನೆ. ಏಷ್ಯಾದ ಟೂರ್ನಿಗಳಿಗೆ ಅರ್ಹತೆ ಪಡೆಯಲು ಕ್ಲಬ್ ಒಂದು ಋತುವಿನಲ್ಲಿ ಕನಿಷ್ಠ 24 ಪಂದ್ಯ ಆಡಿರಬೇಕು ಎಂದು ಏಷ್ಯಾ ಫುಟ್‌ಬಾಲ್ ಒಕ್ಕೂಟ (ಎಎಫ್‌ಸಿ) ನಿಯಮ ಮಾಡಿರುವುದರ ಹಿಂದೆಯೂ ಇಂಥದ್ದೇ ಲೆಕ್ಕಾಚಾರವಿರಬೇಕು. ರಾಷ್ಟ್ರೀಯ ತಂಡದ ಸ್ಥಿತಿಯನ್ನೂ ನೋಡಿ: 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ಭಾರತ 22 ವರ್ಷಗಳ ಬಳಿಕ ಬಾಂಗ್ಲಾದೇಶಕ್ಕೆ ಸೋತಿತು. ಅದಕ್ಕೂ ಮುನ್ನವೇ ಏಷ್ಯಾ ಕಪ್ ಬಾಗಿಲು ಮುಚ್ಚಿತ್ತು. ಲೀಗ್ ಇಲ್ಲದ್ದೊಂದೇ ಅದಕ್ಕೆ ಕಾರಣವಲ್ಲ, ಸರಿ. ಆದರೆ ಪಂದ್ಯಗಳೇ ಇಲ್ಲದ ಆಟಗಾರರಿಂದ ಗೆಲುವು ನಿರೀಕ್ಷಿಸುವುದಾದರೂ ಹೇಗೆ?

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 1992ರಲ್ಲಿ ಹುಟ್ಟಿದಾಗಿನಿಂದ ಕ್ಲಬ್‌ಗಳದ್ದೇ ಕಂಪನಿ. ಇಪ್ಪತ್ತು ಕ್ಲಬ್‌ಗಳಿಗೂ ಸಮಾನ ಪಾಲು. ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ಕೈಯಲ್ಲಿರುವುದು ಒಂದು ವಿಶೇಷ ಷೇರು. ಪ್ರಸಾರ ಹಕ್ಕನ್ನು ಕೆಲವೇ ವರ್ಷಗಳ ಅವಧಿಗೆ ಮಾರುತ್ತಾರೆ, ಲೀಗನ್ನೇ ಒಪ್ಪಿಸುವುದಿಲ್ಲ. ನಮ್ಮಲ್ಲೂ ಕ್ಲಬ್‌ಗಳಿಗೆ ಶೇ 60ರಷ್ಟು ಪಾಲು ಕೊಡುವ ಪ್ರಸ್ತಾವವೊಂದು ಚರ್ಚೆಗೆ ಬಂದಿತ್ತು. ಆ ದಾರಿಯೇ ಸರಿ ಎಂಬುದು ನನ್ನ ನಿಲುವು. ಫೆಡರೇಷನ್ ನಿಯಮ, ರೆಫರಿ, ಪರವಾನಗಿ ನೋಡಿಕೊಳ್ಳಲಿ. ಹಣಕಾಸಿನ ಹೊಣೆ ಕ್ಲಬ್‌ಗಳದ್ದಾಗಲಿ.

ಆದರೆ ಕ್ಲಬ್‌ಗಳಿಗೆ ಯಜಮಾನಿಕೆ ಕೊಡುವಾಗ ಹಿಂಬಡ್ತಿಯನ್ನೂ, ಅಂದರೆ ಕೊನೆಯ ಸ್ಥಾನದ ತಂಡ ಕೆಳಗಿನ ಲೀಗ್‌ಗೆ ಇಳಿಯುವುದನ್ನೂ, ಒಪ್ಪಿಸಬೇಕು. 2024–25ರ ಹೊತ್ತಿಗೆ ಅದು ಜಾರಿಗೆ ಬರಬೇಕಿತ್ತು, ಬರಲಿಲ್ಲ. ಕೊನೆಯ ಸ್ಥಾನ ಪಡೆದ ಮೊಹಮ್ಮಡನ್ ಸ್ಪೋರ್ಟಿಂಗ್ ಅಲ್ಲೇ ಉಳಿಯಿತು. ಕೆಳಗಿನಿಂದ ಬರುವವರ ಪಾಡು ಬೇರೆ: ಇಂಟರ್ ಕಾಶಿ ತಂಡ ಎರಡನೇ ಹಂತದ ಐ–ಲೀಗ್ ಪ್ರಶಸ್ತಿಗಾಗಿ ಲೂಸಾನ್‌ನ ಕ್ರೀಡಾ ನ್ಯಾಯ ಮಂಡಳಿಯವರೆಗೆ ಹೋಗಿ ಗೆದ್ದು ಬರಬೇಕಾಯಿತು.

ಕರ್ನಾಟಕದ ಮಟ್ಟಿಗೆ ಇದು ದೂರದ ವಿಷಯವಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ನಮ್ಮ ಹುಡುಗರು 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದರು. ಪೆಲೆ ಪ್ರತಿಮೆ ನಿಲ್ಲಿಸಿರುವ ಬೆಂಗಳೂರಿನ ಗೌತಮಪುರದಂಥ ಬಡಾವಣೆಗಳ ಬೀದಿಗಳಲ್ಲಿ ಆಟ ಕಲಿತವನು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಸೂಪರ್ ಡಿವಿಷನ್‌ನಿಂದ ಕಂಠೀರವದವರೆಗೆ ಏರಬೇಕಾದರೆ ಮೇಲಿನ ಮೆಟ್ಟಿಲು ಪ್ರತಿವರ್ಷ ಅದೇ ಜಾಗದಲ್ಲಿ ಇರಬೇಕು. ಆದ್ದರಿಂದ ಮುಂದಿನ ಒಪ್ಪಂದ ಯಾರ ಜೊತೆಗೇ ಆಗಲಿ, ಅದರಲ್ಲಿ ಎರಡು ಷರತ್ತುಗಳಿಗೆ ರಾಜಿ ಕೂಡದು: ಒಂದು ಋತುವಿನ ವೇಳಾಪಟ್ಟಿ ಹಿಂದಿನ ಋತು ಮುಗಿಯುವ ಮೊದಲೇ ಪ್ರಕಟವಾಗಬೇಕು, ಪ್ರತಿ ಕ್ಲಬ್ ತನ್ನ ಆಟಗಾರರ ಮತ್ತು ಸಿಬ್ಬಂದಿಯ ಆ ಋತುವಿನ ಪೂರ್ಣ ವೇತನಕ್ಕೆ ಬ್ಯಾಂಕ್ ಗ್ಯಾರಂಟಿ ಇಟ್ಟ ನಂತರವಷ್ಟೇ ಅದಕ್ಕೆ ಪರವಾನಗಿ ಸಿಗಬೇಕು.